ಕಳೆದ ವಾರದ ದರ ಈ ವಾರ ಬದಲಾಗಬಾರದು: ಶೀಟಿನಲ್ಲಿ ಫಾರ್ಮುಲಾ ತೆಗೆದು ಅಂಕಿ ಉಳಿಸಿಕೊಳ್ಳುವುದು ಹೇಗೆ?

ಮೊಬೈಲಿನಲ್ಲೇ ತೋಟದ ಲೆಕ್ಕ ಇಡುವವರು ಈಗ ಬಹಳ ಜನ ಇದ್ದೀರಿ. ಗೂಗಲ್ ಶೀಟ್ಸ್ ಅಥವಾ ಎಕ್ಸೆಲ್ ಆ್ಯಪ್ ಹಾಕಿಕೊಂಡು ಮಾರಾಟ, ಕೂಲಿ, ಗೊಬ್ಬರದ ಖರ್ಚು ಎಲ್ಲವನ್ನೂ ಅದರಲ್ಲಿ ಬರೆಯುತ್ತೀರಿ. ಒಳ್ಳೆಯದೇ. ಕೂಡಿಸುವುದು, ಗುಣಿಸುವುದು ಎಲ್ಲ ಅದೇ ಮಾಡುತ್ತದೆ, ನಾವು ಕೆಜಿ ಹಾಕಿದರೆ ಸಾಕು.

ಆದರೆ ಒಂದು ತೊಂದರೆ ಇದೆ. ಶೀಟಿನಲ್ಲಿ ಕಾಣುವ ಅಂಕಿ ಎಲ್ಲವೂ ನಾವು ಬರೆದ ಅಂಕಿಯಲ್ಲ. ಕೆಲವು ಅಂಕಿಗಳ ಹಿಂದೆ ಫಾರ್ಮುಲಾ ಇರುತ್ತದೆ. ಅಂಥ ಅಂಕಿ ಇವತ್ತು ಒಂದು ತೋರಿಸುತ್ತೆ, ನಾಳೆ ಬೇರೆ ತೋರಿಸಬಹುದು. ಮುಗಿದುಹೋದ ವ್ಯವಹಾರದ ಲೆಕ್ಕ ಹಾಗೆ ಬದಲಾದರೆ ಹಣ ಮಾತ್ರ ಅಲ್ಲ, ನಂಬಿಕೆಯೂ ಹೋಗುತ್ತದೆ. ಈ ತಪ್ಪನ್ನು ನಾನೇ ಮಾಡಿದ್ದೇನೆ. ಅದಕ್ಕೇ ಈ ವಾರ ಈ ವಿಷಯ.

ನನ್ನ ಶೀಟಿನಲ್ಲಿ ಆದದ್ದು

ನಮ್ಮದು ಆರು ಮನೆಯವರ ಸಣ್ಣ ಗುಂಪು. ಎಲ್ಲರ ತರಕಾರಿ ಒಟ್ಟಿಗೆ ಸೇರಿಸಿ ಒಂದು ಸಾವಯವ ಅಂಗಡಿಗೆ ಕಳಿಸುತ್ತೇವೆ. ದರ ಸೋಮವಾರಕ್ಕೊಮ್ಮೆ ಬದಲಾಗುತ್ತೆ, ದುಡ್ಡು ತಿಂಗಳ ಕೊನೆಗೆ ಬರುತ್ತೆ. ನಾನು ಸ್ವಲ್ಪ ಓದಿದವನು ಅಂತ ಲೆಕ್ಕದ ಕೆಲಸ ನನ್ನ ತಲೆಗೆ ಬಂತು.

ನಾನು ಎರಡು ಹಾಳೆ ಮಾಡಿದ್ದೆ. ಒಂದರ ಹೆಸರು ‘ದರ’. ಅದರಲ್ಲಿ ಪ್ರತಿ ತರಕಾರಿಯ ಆ ವಾರದ ಬೆಲೆ. ಇನ್ನೊಂದು ‘ಮಾರಾಟ’. ಅದರಲ್ಲಿ ದಿನಾಂಕ, ರೈತರ ಹೆಸರು, ಬೆಳೆ, ಕೆಜಿ, ದರ, ಮೊತ್ತ ಅಂತ ಆರು ಕಾಲಂ. ದರದ ಕಾಲಂನಲ್ಲಿ ಒಂದು ಫಾರ್ಮುಲಾ ಕೂರಿಸಿದ್ದೆ. ಬೆಳೆಯ ಹೆಸರು ನೋಡಿ ‘ದರ’ ಹಾಳೆಯಿಂದ ಬೆಲೆಯನ್ನು ತಾನೇ ತರುವ ಫಾರ್ಮುಲಾ. ಸೋಮವಾರ ಬಂದರೆ ‘ದರ’ ಹಾಳೆಯಲ್ಲಿ ಹೊಸ ಬೆಲೆ ಹಾಕಿದರೆ ಮುಗೀತು. ಬಹಳ ಜಾಣತನ ಮಾಡಿದ್ದೇನೆ ಅಂದುಕೊಂಡಿದ್ದೆ.

ತಿಂಗಳ ಕೊನೆಗೆ ಬಟವಾಡೆ ಮಾಡೋಕೆ ಕೂತಾಗ ಗುಂಪಿನ ಹಿರಿಯಕ್ಕ ನನ್ನ ಫೋನ್ ನೋಡಿ ಸುಮ್ಮನಾದರು. ಆಮೇಲೆ ಕೇಳಿದರು, “ಏನಪ್ಪಾ, ನಿನ್ ಫೋನಲ್ಲಿ ನನ್ ಬೀನ್ಸು ಇಷ್ಟ್ ಅಗ್ಗ ಆಗೋಯ್ತಾ?”

“ಅಕ್ಕ, ಲೆಕ್ಕ ನಾನು ಮಾಡಿಲ್ಲ, ಮೊಬೈಲೇ ಮಾಡಿರೋದು. ತಪ್ಪಾಗಲ್ಲ” ಅಂದೆ.

ಅವರು ಮಾತಾಡಲಿಲ್ಲ. ಒಳಗೆ ಹೋಗಿ ಡಬ್ಬಿಯಿಂದ ಮೂರು ಚೀಟಿ ತಂದು ಮುಂದಿಟ್ಟರು. ಚೀಟಿಯಲ್ಲಿ ಇದ್ದದ್ದು ಹೀಗೆ:

- ಮೊದಲ ವಾರ: 40 ಕೆಜಿ, ಕೆಜಿಗೆ 60 ರೂಪಾಯಿ. ಒಟ್ಟು 2,400.
- ಎರಡನೇ ವಾರ: 35 ಕೆಜಿ, ಕೆಜಿಗೆ 48 ರೂಪಾಯಿ. ಒಟ್ಟು 1,680.
- ಮೂರನೇ ವಾರ: 50 ಕೆಜಿ, ಕೆಜಿಗೆ 30 ರೂಪಾಯಿ. ಒಟ್ಟು 1,500.

ಮೂರೂ ಸೇರಿ 5,580 ರೂಪಾಯಿ. ನನ್ನ ಶೀಟಿನಲ್ಲಿ ಇದ್ದದ್ದು 3,750. ಅಂದರೆ 1,830 ರೂಪಾಯಿ ಕಡಿಮೆ.

ಕೆಜಿಯೆಲ್ಲ ಸರಿ ಇತ್ತು. ಆದರೆ ಮೂರೂ ಸಾಲಿನಲ್ಲಿ ದರ 30 ಅಂತಲೇ ಇತ್ತು! ಮೂರನೇ ಸೋಮವಾರ ನಾನು ‘ದರ’ ಹಾಳೆಯಲ್ಲಿ ಬೀನ್ಸಿಗೆ 30 ಅಂತ ಬದಲಾಯಿಸಿದ ಕ್ಷಣವೇ ಹಿಂದಿನ ಎರಡು ವಾರದ ಸಾಲುಗಳೂ 30ಕ್ಕೆ ಇಳಿದಿದ್ದವು. ನುಗ್ಗೆಕಾಯಿ ದರ ಆ ತಿಂಗಳು ಏರಿತ್ತು, ಹಾಗಾಗಿ ನುಗ್ಗೆ ಕೊಟ್ಟವರ ಲೆಕ್ಕದಲ್ಲಿ ಬರಬೇಕಾದ್ದಕ್ಕಿಂತ ಜಾಸ್ತಿ ತೋರಿಸುತ್ತಿತ್ತು. ಅವರು ಯಾಕೆ ಕೇಳ್ತಾರೆ ಹೇಳಿ! ಅಕ್ಕನ ಹತ್ತಿರ ಚೀಟಿ ಇರದೇ ಹೋಗಿದ್ದರೆ ತಪ್ಪು ಲೆಕ್ಕವೇ ಸರಿ ಲೆಕ್ಕ ಆಗಿಬಿಡುತ್ತಿತ್ತು.

ಮೊಬೈಲ್ ತಪ್ಪು ಮಾಡಿರಲಿಲ್ಲ. ನಾನು ಹೇಳಿದ್ದನ್ನೇ ಮಾಡಿತ್ತು. ತಪ್ಪು ನನ್ನದು. ಮುಗಿದ ವಾರದ ದರವನ್ನು ಅಂಕಿಯಾಗಿ ಉಳಿಸದೆ ಫಾರ್ಮುಲಾ ಆಗಿಯೇ ಬಿಟ್ಟಿದ್ದೆ.

ಸೆಲ್ಲಿನ ಒಳಗೆ ಏನಿದೆ ಅಂತ ನೋಡುವುದು

ಶೀಟಿನ ಒಂದೊಂದು ಚೌಕಕ್ಕೆ ಸೆಲ್ ಅನ್ನುತ್ತೇವೆ. ಸೆಲ್ಲಿನಲ್ಲಿ ಎರಡು ಬಗೆ. ಒಂದರಲ್ಲಿ ನಾವೇ ಬರೆದ ಅಂಕಿ ಇರುತ್ತೆ. ಇನ್ನೊಂದರಲ್ಲಿ ಫಾರ್ಮುಲಾ ಇದ್ದು, ಅದರ ಉತ್ತರ ಮಾತ್ರ ನಮಗೆ ಕಾಣುತ್ತೆ. ಮೇಲ್ನೋಟಕ್ಕೆ ಎರಡೂ ಒಂದೇ ಥರ.

ವ್ಯತ್ಯಾಸ ತಿಳಿಯೋದು ಸುಲಭ. ಆ ಸೆಲ್ ಮೇಲೆ ಬೆರಳಿಟ್ಟು ಫಾರ್ಮುಲಾ ಬಾರ್ ನೋಡಿ. ಮೊಬೈಲಿನಲ್ಲಿ ಇದು ಸಾಮಾನ್ಯವಾಗಿ ಕೆಳಗಡೆ, ಕಂಪ್ಯೂಟರಿನಲ್ಲಿ ಮೇಲ್ಗಡೆ ಇರುತ್ತೆ. ಅಲ್ಲಿ ಬರೀ 60 ಅಂತ ಇದ್ದರೆ ಅದು ಅಂಕಿ. ಸಮ ಚಿಹ್ನೆಯಿಂದ ಶುರುವಾಗಿ =ಡಿ2*ಇ2 ಅಂತ ಏನಾದರೂ ಇದ್ದರೆ ಅದು ಫಾರ್ಮುಲಾ. (ಓದೋಕೆ ಅನುಕೂಲ ಆಗಲಿ ಅಂತ ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಶೀಟಿನಲ್ಲಿ ಫಾರ್ಮುಲಾವನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು.)

ಇನ್ನೊಂದು ಮಾತು. ಎಲ್ಲ ಫಾರ್ಮುಲಾಗಳೂ ಒಂದೇ ಥರ ಅಪಾಯ ಅಲ್ಲ. ಕೆಜಿಯನ್ನು ಅದೇ ಸಾಲಿನ ದರದಿಂದ ಗುಣಿಸುವ ಫಾರ್ಮುಲಾ ಸಾಧು ಪ್ರಾಣಿ. ಆ ಸಾಲಿನ ಕೆಜಿ, ದರ ಬದಲಾದರೆ ಮಾತ್ರ ಅದು ಬದಲಾಗುತ್ತೆ. ಎಚ್ಚರ ಬೇಕಾಗಿರೋದು ಸಾಲಿನಿಂದ ಆಚೆ ಹೋಗಿ ಅಂಕಿ ತರುವ ಫಾರ್ಮುಲಾಗಳ ಬಗ್ಗೆ:

- ಬೇರೆ ಹಾಳೆಯಿಂದ ದರ, ಕೂಲಿ, ಬಾಡಿಗೆ ತರುವಂಥವು. ವಿಲುಕಪ್ ಇದೇ ಜಾತಿ.
- ಬೇರೆ ಫೈಲಿನಿಂದ ಮಾಹಿತಿ ತರುವಂಥವು. ಆ ಫೈಲಿನ ಯಜಮಾನರು ಅದನ್ನು ಅಳಿಸಿದರೆ ಅಥವಾ ನಿಮಗೆ ಕೊಟ್ಟ ಅನುಮತಿ ತೆಗೆದರೆ ನಿಮ್ಮ ಶೀಟಿನಲ್ಲಿ ಅಂಕಿ ಇದ್ದ ಜಾಗದಲ್ಲಿ ಎರರ್ ಬಂದು ಕೂರುತ್ತೆ.
- =ಟುಡೇ() ಅನ್ನುವ ಫಾರ್ಮುಲಾ. ಇದು ಯಾವತ್ತೂ ‘ಇವತ್ತಿನ’ ದಿನಾಂಕವನ್ನೇ ತೋರಿಸುತ್ತೆ.

ಫಾರ್ಮುಲಾ ತೆಗೆದು ಅದರ ಉತ್ತರವನ್ನಷ್ಟೇ ಸೆಲ್ಲಿನಲ್ಲಿ ಉಳಿಸಿಬಿಟ್ಟರೆ ಈ ತೊಂದರೆ ಯಾವುದೂ ಇರಲ್ಲ. ಕಾಪಿ ಮಾಡಿ ಅದೇ ಜಾಗಕ್ಕೆ ‘ಅಂಕಿ ಮಾತ್ರ’ ಅಂಟಿಸುವುದು, ಅಷ್ಟೇ ಕೆಲಸ.

ಮೊಬೈಲಿನಲ್ಲಿ ಮಾಡುವ ಕ್ರಮ

ಗೂಗಲ್ ಶೀಟ್ಸ್ ಆ್ಯಪ್‌ನಲ್ಲಿ:

1. ಮೊದಲು ಫೈಲಿನ ಒಂದು ನಕಲು ಮಾಡಿಕೊಳ್ಳಿ. ಮೂರು ಚುಕ್ಕಿಯ ಮೆನುವಿನಲ್ಲಿ ‘ಮೇಕ್ ಎ ಕಾಪಿ’ ಇರುತ್ತೆ. ಕೈತಪ್ಪಿದರೆ ಹಳೆಯದು ಇರಲಿ.
2. ಫಿಲ್ಟರ್ ಹಾಕಿದ್ದರೆ ತೆಗೆಯಿರಿ.
3. ಮುಗಿದ ವಾರದ ಮೊದಲ ಸೆಲ್ ಮುಟ್ಟಿ. ಸುತ್ತ ನೀಲಿ ಚೌಕಟ್ಟು ಬರುತ್ತೆ. ಅದರ ಮೂಲೆಯ ದುಂಡು ಗುರುತನ್ನು ಎಳೆದು ಕೊನೆಯ ಸಾಲಿನ ತನಕ ಆರಿಸಿಕೊಳ್ಳಿ.
4. ಆರಿಸಿದ ಜಾಗದ ಮೇಲೆ ಬೆರಳನ್ನು ಒತ್ತಿ ಹಿಡಿಯಿರಿ. ಬರುವ ಪಟ್ಟಿಯಲ್ಲಿ ‘ಕಾಪಿ’ ಒತ್ತಿ.
5. ಆಯ್ಕೆ ಹಾಗೇ ಇರಲಿ. ಅದೇ ಜಾಗದಲ್ಲಿ ಮತ್ತೊಮ್ಮೆ ಒತ್ತಿ ಹಿಡಿದು ‘ಪೇಸ್ಟ್ ಸ್ಪೆಷಲ್’ಗೆ ಹೋಗಿ. ಅದರಲ್ಲಿ ‘ವ್ಯಾಲ್ಯೂಸ್’ ಅನ್ನುವ ಪದ ಇರುವ ಆಯ್ಕೆಯನ್ನು ಒತ್ತಿ.
6. ಈಗ ಒಂದು ಸೆಲ್ ಮುಟ್ಟಿ ಫಾರ್ಮುಲಾ ಬಾರ್ ನೋಡಿ. ಸಮ ಚಿಹ್ನೆ ಇಲ್ಲದೆ ಬರೀ ಅಂಕಿ ಕಂಡರೆ ಕೆಲಸ ಆಯ್ತು.

ಬರೀ ‘ಪೇಸ್ಟ್’ ಒತ್ತಿಬಿಟ್ಟರೆ ಫಾರ್ಮುಲಾನೇ ಮತ್ತೆ ಬಂದು ಕೂರುತ್ತೆ, ಕೆಲಸ ಆಗಲ್ಲ. ಏನಾದರೂ ತಪ್ಪಾದರೆ ಮೇಲಿರುವ ಹಿಂದಕ್ಕೆ ತಿರುಗಿದ ಬಾಣವನ್ನು ತಕ್ಷಣ ಒತ್ತಿ, ಮೊದಲಿನ ಹಾಗೆ ಆಗುತ್ತೆ.

ಎಕ್ಸೆಲ್ ಆ್ಯಪ್‌ನಲ್ಲೂ ದಾರಿ ಇದೇ: ಆರಿಸಿ, ಕಾಪಿ, ಆಮೇಲೆ ಪೇಸ್ಟ್ ಸ್ಪೆಷಲ್, ಅದರಲ್ಲಿ ವ್ಯಾಲ್ಯೂಸ್. ಆ್ಯಪ್ ಅಪ್‌ಡೇಟ್ ಆದಾಗ ಮೆನು ಒಂಚೂರು ಆಚೀಚೆ ಆಗಬಹುದು. ಫೋನಿನ ಭಾಷೆ ಕನ್ನಡ ಇದ್ದರೆ ಆಯ್ಕೆಗಳ ಹೆಸರೂ ಕನ್ನಡದಲ್ಲಿ ಇರಬಹುದು. ‘ಅಂಟಿಸು’ ಅನ್ನುವುದರ ಒಳಗೆ ‘ಮೌಲ್ಯ’ ಅನ್ನುವ ಅರ್ಥದ ಆಯ್ಕೆ ಹುಡುಕಿ.

ಕಂಪ್ಯೂಟರ್ ಇದ್ದರೆ

ಗೂಗಲ್ ಶೀಟ್ಸ್‌ನಲ್ಲಿ ಸೆಲ್ಲುಗಳನ್ನು ಆರಿಸಿ ಕಂಟ್ರೋಲ್ ಮತ್ತು ಸಿ ಒತ್ತಿ. ಜಾಗ ಬದಲಿಸದೆ ಕಂಟ್ರೋಲ್, ಶಿಫ್ಟ್, ವಿ ಮೂರನ್ನೂ ಒಟ್ಟಿಗೆ ಒತ್ತಿ. ಮುಗೀತು.

ಹೊಸ ಎಕ್ಸೆಲ್‌ನಲ್ಲೂ ಇದೇ ಮೂರು ಕೀ ಕೆಲಸ ಮಾಡುತ್ತೆ. ಹಳೆಯ ಎಕ್ಸೆಲ್ ಆದರೆ ಕಾಪಿ ಮಾಡಿದ ಮೇಲೆ ಮೌಸಿನ ಬಲಗುಂಡಿ ಒತ್ತಿ. ಪೇಸ್ಟ್ ಆಯ್ಕೆಗಳಲ್ಲಿ 123 ಅಂತ ಬರೆದ ಚಿತ್ರ ಕಾಣುತ್ತೆ. ಅದೇ ‘ಅಂಕಿ ಮಾತ್ರ’. ಎಕ್ಸೆಲ್‌ನಲ್ಲಿ ಒಂದೇ ಸೆಲ್ ಬದಲಿಸಬೇಕಿದ್ದರೆ ಇನ್ನೂ ಸುಲಭ: ಸೆಲ್ ಮೇಲೆ ನಿಂತು ಎಫ್2, ಆಮೇಲೆ ಎಫ್9, ಕೊನೆಗೆ ಎಂಟರ್.

ಶೀಟಿನಲ್ಲಿ ಎಲ್ಲೆಲ್ಲಿ ಫಾರ್ಮುಲಾ ಉಳಿದಿದೆ ಅಂತ ಒಟ್ಟಿಗೆ ನೋಡಬೇಕೇ? ಗೂಗಲ್ ಶೀಟ್ಸ್‌ನ ‘ವ್ಯೂ’ ಮೆನುವಿನಲ್ಲಿ ‘ಶೋ’ ಒಳಗೆ ಫಾರ್ಮುಲಾ ತೋರಿಸುವ ಆಯ್ಕೆ ಇದೆ. ಎಕ್ಸೆಲ್‌ನಲ್ಲಿ ‘ಫಾರ್ಮುಲಾಸ್’ ಟ್ಯಾಬಿನಲ್ಲಿ ‘ಶೋ ಫಾರ್ಮುಲಾಸ್’ ಅಂತ ಇದೆ. ಒತ್ತಿದರೆ ಉತ್ತರದ ಬದಲು ಫಾರ್ಮುಲಾಗಳೇ ಕಾಣುತ್ತವೆ. ಇನ್ನೊಮ್ಮೆ ಒತ್ತಿದರೆ ಮೊದಲಿನಂತೆ.

ಯಾವ ಯಾವ ಕಡೆ ಇದು ಬೇಕಾಗುತ್ತೆ?

*ಕೂಲಿ ಲೆಕ್ಕ.* ದಿನಗೂಲಿ 350 ಅಂತ ಒಂದು ಸೆಲ್ಲಿನಲ್ಲಿ ಬರೆದು ಎಲ್ಲ ತಿಂಗಳ ಲೆಕ್ಕವನ್ನೂ ಅದಕ್ಕೆ ಜೋಡಿಸಿದ್ದೀರಿ ಅಂದುಕೊಳ್ಳಿ. ಒಬ್ಬರು ಹೋದ ತಿಂಗಳು 22 ದಿನ ಬಂದಿದ್ದಾರೆ. 7,700 ರೂಪಾಯಿ ಕೊಟ್ಟು ಲೆಕ್ಕ ಚುಕ್ತಾ ಆಗಿದೆ. ಈ ತಿಂಗಳಿಂದ ಕೂಲಿ 400 ಆಯ್ತು ಅಂತ ಆ ಸೆಲ್ಲನ್ನು ಬದಲಿಸಿದರೆ ಹೋದ ತಿಂಗಳ ಮೊತ್ತ 8,800 ಆಗುತ್ತೆ. ನೀವು 1,100 ಬಾಕಿ ಇಟ್ಟುಕೊಂಡಿದ್ದೀರಿ ಅಂತ ನಿಮ್ಮ ಶೀಟೇ ಸಾಕ್ಷಿ ಹೇಳುತ್ತೆ. ಕೂಲಿ ಬಟವಾಡೆ ಆದ ದಿನವೇ ಆ ತಿಂಗಳ ಸಾಲುಗಳನ್ನು ಅಂಕಿ ಮಾಡಿಬಿಡಿ.

*ದಿನಾಂಕ.* ಜೀವಾಮೃತ ಕೊಟ್ಟ ದಿನ, ಬೇವಿನ ಕಷಾಯ ಸಿಂಪಡಿಸಿದ ದಿನ ಬರೆಯುವಾಗ ಟೈಪ್ ಮಾಡೋ ಕಷ್ಟ ಯಾಕೆ ಅಂತ ಕೆಲವರು =ಟುಡೇ() ಹಾಕುತ್ತಾರೆ. ಮಾರನೇ ದಿನ ತೆರೆದರೆ ಎಲ್ಲ ಸಾಲಿನಲ್ಲೂ ಮಾರನೇ ದಿನದ ದಿನಾಂಕ! ಸಾವಯವ ದೃಢೀಕರಣಕ್ಕೆ ಸೇರಿದವರಿಗೆ ಇದು ಸಣ್ಣ ವಿಷಯ ಅಲ್ಲ. ಪಿಜಿಎಸ್-ಇಂಡಿಯಾ ಪದ್ಧತಿಯಲ್ಲಿ ನಮ್ಮ ತೋಟವನ್ನು ನೋಡುವವರು ಗುಂಪಿನ ಇತರ ರೈತರೇ. ಯಾವ ದಿನ ಏನು ಹಾಕಿದಿರಿ ಅಂತ ಕೇಳಿದಾಗ ದಾಖಲೆ ಮಾತಾಡಬೇಕು. ದಿನಾಂಕವನ್ನು ಕೈಯಿಂದಲೇ ಟೈಪ್ ಮಾಡಿ. ಕಂಪ್ಯೂಟರಿನಲ್ಲಿ ಕಂಟ್ರೋಲ್ ಜೊತೆ ಅರ್ಧವಿರಾಮದ ಕೀ ಒತ್ತಿದರೆ ಆ ದಿನದ ದಿನಾಂಕ ಅಂಕಿಯಾಗಿಯೇ ಬಂದು ಕೂರುತ್ತೆ, ಮುಂದೆ ಬದಲಾಗಲ್ಲ.

*ಬೆಳೆಯ ವಯಸ್ಸು.* ಇವತ್ತಿನ ದಿನಾಂಕದಿಂದ ಬಿತ್ತಿದ ದಿನಾಂಕ ಕಳೆದು ಬೆಳೆಗೆ ಎಷ್ಟು ದಿನ ಆಯ್ತು ಅಂತ ತೋರಿಸೋ ಫಾರ್ಮುಲಾ ಬಹಳ ಉಪಯೋಗ. ಆದರೆ ಬೆಳೆ ಕಿತ್ತ ಮೇಲೂ ಅದು ಎಣಿಸುತ್ತಲೇ ಇರುತ್ತೆ. ಮುಂದಿನ ವರ್ಷ ನೋಡಿದರೆ ಬೀನ್ಸಿಗೆ 400 ದಿನ ಅಂತ ಇರುತ್ತೆ. ಕೊನೆಯ ಕೊಯ್ಲಿನ ದಿನ ಆ ಸೆಲ್ಲನ್ನು ಅಂಕಿ ಮಾಡಿದರೆ, ಯಾವ ತಳಿ ಎಷ್ಟು ದಿನಕ್ಕೆ ಮುಗೀತು ಅನ್ನೋ ನಿಜವಾದ ದಾಖಲೆ ಉಳಿಯುತ್ತೆ.

*ವ್ಯಾಪಾರಿಗೆ ದರಪಟ್ಟಿ ಕಳಿಸುವಾಗ.* ನಿಮ್ಮ ಮಾರಾಟ ದರ ಅಂದರೆ ಖರ್ಚಿನ ಮೇಲೆ ಶೇಕಡಾ 25 ಅಂತ ಲೆಕ್ಕ ಹಾಕಿ ಆ ಶೀಟನ್ನೇ ವಾಟ್ಸಾಪಿನಲ್ಲಿ ಕಳಿಸಿದಿರಿ ಅಂದುಕೊಳ್ಳಿ. ಆ ಕಡೆಯವರು ಸೆಲ್ ಮುಟ್ಟಿದರೆ =ಸಿ5*1.25 ಕಾಣುತ್ತೆ. ನಿಮ್ಮ ಖರ್ಚು ಎಷ್ಟು, ಲಾಭ ಎಷ್ಟು ಎಲ್ಲ ಬಯಲು. ಇನ್ನು ಚೌಕಾಸಿ ಮಾಡೋದು ಅವರು! ಬರೀ ದರದ ಅಂಕಿಗಳನ್ನು ಹೊಸ ಫೈಲಿಗೆ ‘ವ್ಯಾಲ್ಯೂಸ್’ ಆಗಿ ಅಂಟಿಸಿ ಕಳಿಸಿ. ಖರ್ಚಿನ ಹಾಳೆಯನ್ನು ಬರೀ ಮರೆಮಾಡಿ ಕಳಿಸಬೇಡಿ, ಮರೆಮಾಡಿದ್ದನ್ನು ಯಾರು ಬೇಕಾದರೂ ತೆರೆಯಬಹುದು. ತಿದ್ದುವ ಅಗತ್ಯ ಇಲ್ಲದಿದ್ದರೆ ಪಿಡಿಎಫ್ ಮಾಡಿ ಕಳಿಸೋದು ಇನ್ನೂ ವಾಸಿ.

*ಕಾಲಂ ಅಳಿಸುವ ಮುಂಚೆ.* ಲೆಕ್ಕ ಆದ ಮೇಲೆ ನಡುವಿನ ಕಾಲಂ ಬೇಡ ಅಂತ ಅಳಿಸಿದರೆ, ಅದನ್ನು ನಂಬಿದ್ದ ಫಾರ್ಮುಲಾಗಳೆಲ್ಲ ಎರರ್ ಆಗುತ್ತವೆ. ಮೊದಲು ಉತ್ತರದ ಕಾಲಂ ಅಂಕಿ ಮಾಡಿ, ಆಮೇಲೆ ಬೇಡದ್ದನ್ನು ಅಳಿಸಿ. ಹಾಳೆಯನ್ನು ಬೇರೆ ಫೈಲಿಗೆ ಸಾಗಿಸುವಾಗಲೂ ಇದೇ ಕ್ರಮ.

ಯಾವುದನ್ನು ಮುಟ್ಟಬಾರದು?

ಇದನ್ನು ಕಲಿತ ಉತ್ಸಾಹದಲ್ಲಿ ಎಲ್ಲವನ್ನೂ ಅಂಕಿ ಮಾಡಿಬಿಡಬೇಡಿ. ನಾನು ಅದನ್ನೂ ಮಾಡಿದ್ದೇನೆ. ಆಮೇಲೆ ಕೆಜಿ ತಿದ್ದಿದರೂ ಮೊತ್ತ ಅಲ್ಲಾಡಲಿಲ್ಲ.

ನಾನು ಈಗ ಪಾಲಿಸುವ ನಿಯಮ ಒಂದೇ. ನಡೆದು ಮುಗಿದದ್ದು ಅಂಕಿಯಾಗಿರಲಿ, ಇನ್ನೂ ನಡೆಯುತ್ತಿರುವುದು ಫಾರ್ಮುಲಾ ಆಗಿರಲಿ. ಉಗ್ರಾಣದಲ್ಲಿ ಎಷ್ಟು ಹಿಂಡಿ ಉಳಿದಿದೆ, ಈ ತಿಂಗಳ ಖರ್ಚು ಇಲ್ಲಿಯವರೆಗೆ ಎಷ್ಟು, ಅಂಗಡಿಯಿಂದ ಬರಬೇಕಾದ ಬಾಕಿ ಎಷ್ಟು, ಇವೆಲ್ಲ ದಿನಾ ಬದಲಾಗಬೇಕಾದವು. ಅಲ್ಲಿ ಫಾರ್ಮುಲಾನೇ ಬೇಕು.

ಮಾರಾಟದ ಸಾಲುಗಳಲ್ಲಿ ಕೂಡ ವಾರಕ್ಕೊಮ್ಮೆ ದರದ ಕಾಲಂ ಒಂದನ್ನು ಅಂಕಿ ಮಾಡಿದರೆ ಸಾಕು. ಮೊತ್ತದ ಕಾಲಂನಲ್ಲಿ ಕೆಜಿ ಗುಣಿಸು ದರ ಅನ್ನುವ ಫಾರ್ಮುಲಾ ಹಾಗೇ ಇರಲಿ. ಅಂಗಡಿಯವರು ಫೋನ್ ಮಾಡಿ “35 ಅಲ್ಲ, 34 ಕೆಜಿ ಬಂದಿದೆ” ಅಂದರೆ ಕೆಜಿ ತಿದ್ದಿದ ಕೂಡಲೇ ಮೊತ್ತ ತಾನಾಗಿ ಸರಿಯಾಗುತ್ತೆ. ದುಡ್ಡು ಕೈಗೆ ಬಂದು ಎಲ್ಲರಿಗೂ ಹಂಚಿದ ಮೇಲೆ ಮೊತ್ತವನ್ನೂ ಅಂಕಿ ಮಾಡಿ.

ಅಂಕಿ ಮಾಡುವ ಮುಂಚೆ ನೋಡಿಕೊಳ್ಳಬೇಕಾದ್ದು

- ಎರರ್ ಇದೆಯಾ? ಬೆಳೆಯ ಹೆಸರು ತಪ್ಪಾಗಿ ಬರೆದಿದ್ದರೆ ದರ ಸಿಗದೆ ಎರರ್ ಬಂದಿರುತ್ತೆ. ಹಾಗೇ ಅಂಟಿಸಿದರೆ ಎರರ್ ಕೂಡ ಶಾಶ್ವತ ಆಗುತ್ತೆ. ಮೊದಲು ಸರಿಮಾಡಿ.

- ಕಾಣುವ ಅಂಕಿ, ಇರುವ ಅಂಕಿ. ವ್ಯಾನ್ ಬಾಡಿಗೆ 1,000 ರೂಪಾಯಿಯನ್ನು ಆರು ಮನೆಗೆ ಹಂಚಿದರೆ ಒಬ್ಬರಿಗೆ 166.6666 ಹೀಗೆ ಮುಗಿಯದ ಸಂಖ್ಯೆ ಬರುತ್ತೆ. ದಶಾಂಶ ಬೇಡ ಅಂತ ಫಾರ್ಮ್ಯಾಟ್ ಬದಲಿಸಿದ್ದರೆ 167 ಅಂತ ಕಾಣುತ್ತೆ. ಆದರೆ ಅಂಕಿ ಮಾಡಿದಾಗ ಒಳಗೆ ಉಳಿಯೋದು ಆ ಉದ್ದದ ಸಂಖ್ಯೆಯೇ. ಶೀಟು ಕೂಡಿಸಿದರೆ 1,000, ನಾವು ಕೈಯಲ್ಲಿ ಆರು ಸಲ 167 ಕೂಡಿಸಿದರೆ 1,002. ಎರಡು ರೂಪಾಯಿಗೆ ಅರ್ಧ ಗಂಟೆ ಚರ್ಚೆ! ಮೊದಲೇ ‘ರೌಂಡ್’ ಫಾರ್ಮುಲಾ ಬಳಸಿ ಪೂರ್ಣ ರೂಪಾಯಿ ಮಾಡಿ, ಆಮೇಲೆ ಅಂಕಿ ಮಾಡಿ. ಉಳಿದ ಎರಡು ರೂಪಾಯಿ ಗುಂಪಿನ ಖಾತೆಗೆ ಅಂತ ಬರೆದುಬಿಡಿ.

- ದಿನಾಂಕ ದೊಡ್ಡ ಸಂಖ್ಯೆ ಆಯ್ತಾ? ದಿನಾಂಕವನ್ನು ಬೇರೆ ಕಾಲಂಗೆ ಅಂಕಿಯಾಗಿ ಅಂಟಿಸಿದಾಗ ಕೆಲವೊಮ್ಮೆ 45658 ಅಂತ ಏನೋ ಕಾಣುತ್ತೆ. ಗಾಬರಿ ಬೇಡ. ಶೀಟು ಒಳಗೊಳಗೆ ದಿನಾಂಕವನ್ನು ದಿನಗಳ ಎಣಿಕೆಯಾಗಿ ಇಡುತ್ತೆ. 45658 ಅಂದರೆ 2025ರ ಜನವರಿ 1. ಆ ಸೆಲ್ಲಿನ ಫಾರ್ಮ್ಯಾಟನ್ನು ‘ಡೇಟ್’ ಅಂತ ಬದಲಿಸಿದರೆ ದಿನಾಂಕ ವಾಪಸ್ ಬರುತ್ತೆ.

- ಫಿಲ್ಟರ್ ತೆಗೆದಿದ್ದೀರಾ? ಒಬ್ಬರ ಹೆಸರು ಮಾತ್ರ ಕಾಣುವ ಹಾಗೆ ಫಿಲ್ಟರ್ ಹಾಕಿ ಕಾಪಿ ಮಾಡಿದರೆ ಕಾಣದ ಸಾಲುಗಳು ಬಿಟ್ಟುಹೋಗಿ ಒಬ್ಬರ ಅಂಕಿ ಇನ್ನೊಬ್ಬರ ಸಾಲಿಗೆ ಬೀಳಬಹುದು. ಎಲ್ಲ ಸಾಲು ಕಾಣುವಾಗಲೇ ಮಾಡಿ.

- ಖಾಲಿ ಸಾಲು ಬಿಡಿ. ಮುಂದಿನ ವಾರಕ್ಕೆ ಅಂತ ಮೊದಲೇ ಫಾರ್ಮುಲಾ ಎಳೆದಿಟ್ಟ ಸಾಲುಗಳಿದ್ದರೆ ಇಡೀ ಕಾಲಂ ಆರಿಸಬೇಡಿ, ಅವೂ ಹೋಗಿಬಿಡುತ್ತವೆ. ಮುಗಿದ ಸಾಲುಗಳನ್ನಷ್ಟೇ ಆರಿಸಿ.

ಈಗಾಗಲೇ ಕೆಟ್ಟಿದ್ದರೆ?

ಫಾರ್ಮುಲಾ ಬದಲಾಯಿಸಿಬಿಟ್ಟ ಅಂಕಿಯನ್ನು ಈಗ ‘ಅಂಕಿ ಮಾತ್ರ’ ಮಾಡಿದರೆ ತಪ್ಪು ಅಂಕಿಯೇ ಗಟ್ಟಿಯಾಗುತ್ತೆ. ಮೊದಲು ನಿಜವಾದ ಅಂಕಿ ಹುಡುಕಬೇಕು.

ಗೂಗಲ್ ಶೀಟ್ಸ್ ಆದರೆ ಕಂಪ್ಯೂಟರಿನಲ್ಲಿ ಫೈಲ್ ತೆರೆದು ‘ಫೈಲ್’ ಮೆನುವಿನಲ್ಲಿ ‘ವರ್ಷನ್ ಹಿಸ್ಟರಿ’ ನೋಡಿ. ಹಿಂದಿನ ದಿನಗಳಲ್ಲಿ ಫೈಲು ಹೇಗಿತ್ತು ಅಂತ ತೋರಿಸುತ್ತೆ. ಆ ವಾರದ ದರ ಅಲ್ಲಿ ಸಿಗುತ್ತೆ. ಬಹಳ ಹಳೆಯ ಆವೃತ್ತಿಗಳು ಒಂದಕ್ಕೊಂದು ಸೇರಿಹೋಗಿರಬಹುದು, ಹಾಗಾಗಿ ಅದೊಂದನ್ನೇ ನಂಬಿ ಕೂರಬೇಡಿ. ಅಲ್ಲಿ ಸಿಗದಿದ್ದರೆ ಬಿಲ್ಲು, ಚೀಟಿ, ವಾಟ್ಸಾಪಿನ ಮೆಸೇಜ್, ಬ್ಯಾಂಕಿಗೆ ಹಣ ಬಂದ ಎಸ್‌ಎಂಎಸ್ ಇವುಗಳಿಂದ ಕಟ್ಟಬೇಕು. ಅಂಗಡಿಯವರು ಸೋಮವಾರ ಸೋಮವಾರ ಕಳಿಸಿದ್ದ ದರದ ಮೆಸೇಜುಗಳು ನನ್ನ ಫೋನಿನಲ್ಲಿ ಇದ್ದವು. ಒಂದು ರಾತ್ರಿ ಕೂತು ಆರೂ ಮನೆಯ ಲೆಕ್ಕ ಹೊಸದಾಗಿ ಮಾಡಿದೆ. ಅಕ್ಕನ ಚೀಟಿಗೂ ನನ್ನ ಹೊಸ ಲೆಕ್ಕಕ್ಕೂ ಒಂದು ರೂಪಾಯಿ ವ್ಯತ್ಯಾಸ ಬರಲಿಲ್ಲ.

ನಾವು ಈಗ ಮಾಡುತ್ತಿರುವುದು

ಆ ತಿಂಗಳ ನಂತರ ಪದ್ಧತಿ ಬದಲಿಸಿದೆವು. ನಿಮಗೂ ಹೊಂದಬಹುದು:

1. ‘ಮಾದರಿ’ ಅಂತ ಒಂದು ಹಾಳೆ. ಅದರಲ್ಲಿ ಫಾರ್ಮುಲಾಗಳೆಲ್ಲ ಇರುತ್ತವೆ, ಲೆಕ್ಕ ಮಾತ್ರ ಬರೆಯಲ್ಲ. ತಿಂಗಳ ಮೊದಲ ದಿನ ಅದರ ನಕಲು ತೆಗೆದು ಆ ತಿಂಗಳ ಹೆಸರು ಕೊಡುತ್ತೇವೆ.
2. ಭಾನುವಾರ ರಾತ್ರಿ, ಹೊಸ ದರ ಹಾಕುವ ಮುಂಚೆ, ಆ ವಾರದ ದರದ ಕಾಲಂ ಅಂಕಿ ಮಾಡುತ್ತೇವೆ. ಎರಡು ನಿಮಿಷದ ಕೆಲಸ. ಫೋನಿನಲ್ಲಿ ಅಲಾರಂ ಇಟ್ಟಿದ್ದೇನೆ.
3. ಬಟವಾಡೆ ದಿನ ಎಲ್ಲರ ಮುಂದೆ ಲೆಕ್ಕ ಓದಿ, ಒಪ್ಪಿದ ಮೇಲೆ ಇಡೀ ತಿಂಗಳ ಹಾಳೆ ಅಂಕಿ ಮಾಡಿ, ಪಿಡಿಎಫ್ ಅನ್ನು ಗುಂಪಿನ ವಾಟ್ಸಾಪಿಗೆ ಹಾಕುತ್ತೇವೆ.
4. ಕಂಪ್ಯೂಟರ್ ಸಿಕ್ಕಾಗ ಮುಗಿದ ತಿಂಗಳ ಹಾಳೆಗೆ ‘ಡೇಟಾ’ ಮೆನುವಿನಿಂದ ರಕ್ಷಣೆ ಹಾಕುತ್ತೇವೆ. ಗುಂಪಿನಲ್ಲಿ ಬೇರೆ ಯಾರೂ ಕೈತಪ್ಪಿ ಅದನ್ನು ತಿದ್ದೋಕೆ ಆಗಲ್ಲ.

ದಿನಕ್ಕೆ ನಾಲ್ಕೈದು ಸಾಲು ಬರೆಯುವವರಾದರೆ ಇದಕ್ಕಿಂತ ಸರಳ ದಾರಿ ಇದೆ. ದರವನ್ನು ಎಲ್ಲಿಂದಲೂ ತರಿಸಬೇಡಿ, ಪ್ರತಿ ಸಾಲಿನಲ್ಲೂ ಆ ದಿನದ ದರವನ್ನು ಕೈಯಿಂದಲೇ ಬರೆಯಿರಿ. ನಾಲ್ಕು ಸಲ 60 ಅಂತ ಒತ್ತೋದು ದೊಡ್ಡ ಶ್ರಮ ಅಲ್ಲ.

ಇವತ್ತು ರಾತ್ರಿ ಊಟ ಆದ ಮೇಲೆ ನಿಮ್ಮ ಶೀಟು ತೆರೆದು ಹೋದ ತಿಂಗಳ ಯಾವುದಾದರೂ ಮೂರು ಸೆಲ್ ಮುಟ್ಟಿ ನೋಡಿ. ಸಮ ಚಿಹ್ನೆ ಕಂಡರೆ ಆ ಫಾರ್ಮುಲಾ ಎಲ್ಲಿಂದ ಅಂಕಿ ತರುತ್ತಿದೆ ನೋಡಿ, ಬಿಲ್ಲಿನ ಜೊತೆ ಹೋಲಿಸಿ. ಸರಿ ಇದ್ದರೆ ಅಲ್ಲೇ ಅಂಕಿ ಮಾಡಿಬಿಡಿ.

ಅಂದಹಾಗೆ, ಆ ಅಕ್ಕ ಇವತ್ತಿಗೂ ಚೀಟಿ ಬರೆಯುತ್ತಾರೆ, ಡಬ್ಬಿಯಲ್ಲೇ ಇಡುತ್ತಾರೆ. ಬೇಡ ಅಂತ ನಾನು ಹೇಳಿಲ್ಲ. ಬಟವಾಡೆ ದಿನ ನನ್ನ ಶೀಟು ಮೊದಲು ಹೋಲಿಸಿ ನೋಡೋದೇ ಅವರ ಚೀಟಿ ಜೊತೆ.